ಟೈರು ಗೋದಾಮಿನಲ್ಲಿ ಡ್ರಮ್ಮಕ್ಕ

ಆಸ್ಪತ್ರೆಯ ಬಟ್ಟೆ ಒಗೆಯುವ ವಿಭಾಗದಲ್ಲಿ ಎಲ್ಲರೂ ಅವಳನ್ನು ಡ್ರಮ್ಮಕ್ಕ ಎಂದೇ ಕರೆಯುತ್ತಿದ್ದರು. ಹೊಸದಾಗಿ ಕೆಲಸಕ್ಕೆ ಸೇರಿದವರು ಆ ಹೆಸರು ಕೇಳಿ, ನೀರಿನ ಡ್ರಮ್ಮಿನಂಥ ಯಾರೋ ದಪ್ಪನೆಯ ಹೆಂಗಸಿರಬೇಕು ಎಂದುಕೊಳ್ಳುತ್ತಿದ್ದರು. ಎದುರಿಗೆ ಬರುತ್ತಿದ್ದವಳು ಐವತ್ತರ ಹತ್ತಿರದ, ಹಿಂಡಿ ಹಾಕಿದ ಟವೆಲಿನಂತೆ ತೆಳ್ಳಗಿನ ಹೆಂಗಸು. ಮುಖದಲ್ಲಿ ಸದಾ ಒಂದು ತೂಕಡಿಕೆ. ತೋಳುಗಳು ಮಾತ್ರ ಗಟ್ಟಿ. ಒದ್ದೆ ಹಾಸಿಗೆ ಬಟ್ಟೆಗಳ ತಳ್ಳುಗಾಡಿಯನ್ನು ಇಬ್ಬರು ಗಂಡಸರು ಏದುಸಿರು ಬಿಡುತ್ತಾ ನೂಕಿದರೆ, ಅವಳು ಒಂಟಿಯಾಗಿ, ಬೇರೇನೋ ಯೋಚಿಸುತ್ತಾ ನೂಕಿಕೊಂಡು ಹೋಗುತ್ತಿದ್ದಳು.

ಹೆಸರು ಬಂದದ್ದು ಅವಳು ಡ್ರಮ್ ಬಾರಿಸುತ್ತಿದ್ದುದರಿಂದ. ಅವಳ ಅಪ್ಪ ಒಂದು ಡ್ಯಾನ್ಸ್ ಹಾಲಿನಲ್ಲಿ ಜಾಜ್ ಬಾರಿಸುತ್ತಿದ್ದ. ಗಂಡು ಮಕ್ಕಳಿರಲಿಲ್ಲ. ಡ್ರಮ್ಮುಗಳನ್ನು ಹೊತ್ತುಕೊಂಡು ಹೋಗಲು ಒಂದು ಜೀವ ಬೇಕಿತ್ತು, ಮಗಳನ್ನೇ ಕರೆದುಕೊಂಡು ಹೋದ. ಹೊತ್ತವಳು ಬಾರಿಸುವುದನ್ನೂ ಕಲಿತಳು. ಅಪ್ಪನ ನಂತರ ಒಂದು ಹೋಟೆಲಿನ ಊಟದ ಹಾಲಿನಲ್ಲಿ ಮೂವರ ತಂಡ ಸೇರಿದಳು. ಪಿಯಾನೋಗೆ ಒಬ್ಬ ಹಿರಿಯರು, ಆಳೆತ್ತರದ ಬಾಸ್ ಪಿಟೀಲಿಗೆ ಒಬ್ಬ ಯುವಕ, ಡ್ರಮ್ಮಿಗೆ ಇವಳು. ಬಾಸಿನವನನ್ನು ಮದುವೆಯಾದಳು. ಹಗಲು ಹೊಟ್ಟೆಪಾಡಿಗೆ ಆಸ್ಪತ್ರೆಯ ಬಟ್ಟೆ, ಸಂಜೆ ಜೀವಕ್ಕೆ ಹೋಟೆಲು. ಹಾಗೆ ವರ್ಷಗಳು ಉರುಳಿದವು. ಗಂಡನ ಎದೆ ಒಂದು ಚಳಿಗಾಲದಲ್ಲಿ ಕೈಕೊಟ್ಟಿತು. ಅಂದಿನಿಂದ ಮೂವರ ತಂಡ ಇಬ್ಬರದಾಯಿತು, ಬಾಡಿಗೆಯ ಎರಡು ಕೋಣೆಗಳಲ್ಲಿ ಅವಳೂ ಅವಳ ಅತ್ತೆಯೂ ಉಳಿದರು.

ಅತ್ತೆಗೆ ಕಿವಿ ಅಷ್ಟಕ್ಕಷ್ಟೆ. ಮನಸ್ಸಿಗೆ ಬೇಕಾದ ಮಾತು ಮಾತ್ರ ಹೇಗೋ ಕೇಳಿಸುತ್ತಿತ್ತು.

ಒಂದು ದಿನ ಹೋಟೆಲಿನ ಮ್ಯಾನೇಜರ್ ಅವಳನ್ನೂ ಪಿಯಾನೋ ಹಿರಿಯರನ್ನೂ ಪಕ್ಕಕ್ಕೆ ಕರೆದ. ಒಳ್ಳೆಯವನೇ, ಮಾತು ಶುರುಮಾಡಲು ಬಾರದೆ ಟೈ ಸರಿಮಾಡಿಕೊಳ್ಳುತ್ತಾ ನಿಂತ.

"ಸ್ಪೀಕರ್ ಹಾಕಿಸ್ತಿದ್ದಾರೆ ಸಾರ್, ಇನ್ಮೇಲೆ ರೆಕಾರ್ಡ್ ಹಾಡೇ ಅಂತೆ," ಎಂದ ಹಿರಿಯರಿಗೆ. "ಮೇಲಿನವರ ತೀರ್ಮಾನ. ನನ್ನ ಕೈಲಿ ಏನೂ ಇಲ್ಲ."

"ಯಾವಾಗಿಂದ?"

"ಸ್ಪೀಕರ್ ಆಗಲೇ ಬಂದುಬಿಟ್ಟಿದೆ."

ಅವರು ತಲೆಯಾಡಿಸಿದರು. ನೆಂಟಸ್ತಿಕೆ ಏನಿಲ್ಲದಿದ್ದರೂ ಅವಳು ಅವರನ್ನು ಪಿಯಾನೋ ಮಾವ ಎನ್ನುತ್ತಿದ್ದಳು. ಅವರು ಅಂದು ಸಂಜೆ ಎಂದಿನಂತೆ ಬಾರಿಸಿದರು. ಬಾಗಿಲು ಹಾಕುವ ಹೊತ್ತಿಗೆ, ಬಡಿಸುವವರು ಕುರ್ಚಿಗಳನ್ನು ಮೇಜಿನ ಮೇಲೆ ಮಗುಚುವಾಗ, ಅವರು ಯಾವಾಗಲೂ ಒಂದು ನಿಧಾನದ ಬ್ಲೂಸ್ ಬಾರಿಸುತ್ತಿದ್ದರು. ಅದಕ್ಕೆ ಹೆಸರಿರಲಿಲ್ಲ. ಅದರ ನಡುವೆ ಒಂದು ಕಡೆ ಐದನೆಯ ಸ್ವರ ಅರ್ಧ ಮೆಟ್ಟಿಲು ಜಾರಿ ಬೀಳುತ್ತಿತ್ತು. ಮಾವ ಅದನ್ನು "ಹುಳಿ ಸ್ವರ" ಎನ್ನುತ್ತಿದ್ದರು. ಅವಳು ತಂತಿಯ ಬ್ರಶ್ಶಿನಿಂದ ಡ್ರಮ್ಮಿನ ಚರ್ಮ ಸವರುತ್ತಾ ಜೊತೆ ಕೊಟ್ಟಳು. ಆಮೇಲೆ ಮಾವ ಪಿಯಾನೋದ ಮುಚ್ಚಳ ಹಾಕಿ, ಕೋಟು ತೊಟ್ಟು, ಊರಿನ ಇನ್ನೊಂದು ತುದಿಯಲ್ಲಿದ್ದ ಮಗಳ ಮನೆ ಸೇರಿಕೊಂಡರು.

ಮನೆಗೆ ಬಂದವಳಿಗೆ ಅಳು ಬರಬಹುದು ಎಂದು ಅತ್ತೆ ಕಾದು ಕುಳಿತಿದ್ದರು. ಬಂದದ್ದು ನಿದ್ದೆ. ಮುಂದಿನ ಎಷ್ಟೋ ವಾರ ಅವಳು ಕೆಲಸದಿಂದ ಬಂದವಳೇ ಚಪ್ಪಲಿ ಬಿಟ್ಟು ಹಾಸಿಗೆಗೆ ಬೀಳುತ್ತಿದ್ದಳು. ಕಳಚಿ ಜೋಡಿಸಿಟ್ಟ ಡ್ರಮ್ಮುಗಳ ಮೇಲೆ ಅತ್ತೆ ಒಗೆದ ಬಟ್ಟೆ ಹರವಲು ಶುರುಮಾಡಿದರು. ಅವಳು ಬೇಡ ಎನ್ನಲಿಲ್ಲ.

ಬಟ್ಟೆ ವಿಭಾಗದಲ್ಲಿ ಒಂದು ಹಿಂಡುವ ಯಂತ್ರವಿತ್ತು. ಮುದಿಯಾದದ್ದು. ಹೊರೆ ಒಂದು ಕಡೆ ವಾಲಿದರೆ ನೆಲವೆಲ್ಲ ನಡುಗುವಂತೆ ಕುಣಿಯುತ್ತಿತ್ತು. ಅದನ್ನು ನೋಡಿಕೊಳ್ಳುತ್ತಿದ್ದವನು ಗಡ್ಡದ ಮೆಕ್ಯಾನಿಕ್, ನಲವತ್ತು ದಾಟಿದವನು, ಎರಡು ಮಕ್ಕಳ ತಂದೆ. ಒಮ್ಮೆ ಚಹಾದ ಹೊತ್ತಿನಲ್ಲಿ ಅವನು ಯಾವ ಬೋಲ್ಟು ಅಲುಗುತ್ತಿದೆ ಎಂದು ನೋಡಲು ಓಡುತ್ತಿದ್ದ ಯಂತ್ರದ ಅಡಿಗೆ ತೂರಿಕೊಂಡಿದ್ದ. ಅವಳು ತಳ್ಳುಗಾಡಿಗೆ ಒರಗಿ ಕಣ್ಣುಮುಚ್ಚಿ ಕುಳಿತಿದ್ದಳು. ಯಂತ್ರ ಧಡ್ ಧಡ್ ಎನ್ನುತ್ತಿತ್ತು. ಅವಳ ಬೆರಳುಗಳು ಗಾಡಿಯ ಕಂಬಿಯ ಮೇಲೆ ತಾವಾಗಿಯೇ ಓಡಾಡತೊಡಗಿದವು. ಯಂತ್ರದ ಏಟಿಗೆ ಸರಿಯಾಗಿ ಅಲ್ಲ, ಅದರ ಹಿಂದೆ ಒಂದು ಕೂದಲೆಳೆ ತಡೆದು, ಟಿಂಗ್ ಟಿಗಿ ಟಿಂಗ್ ಎಂದು.

ಮೆಕ್ಯಾನಿಕ್ ಬೋಲ್ಟು ಬಿಗಿಮಾಡದೆ ಹಾಗೇ ಮಲಗಿ ಆಲಿಸಿದ.

"ಅಕ್ಕ," ಎಂದ, ತಲೆ ಮಾತ್ರ ಹೊರಹಾಕಿ. "ಭಾನುವಾರ ಮನೇಲಿ ಏನ್ಮಾಡ್ತೀರಾ?"

"ನಿದ್ದೆ."

"ನಮ್ದೊಂದು ಬ್ಯಾಂಡಿದೆ. ಹೆವಿ ಮೆಟಲ್. ಡ್ರಮ್ ಬಾರಿಸೋನು ಊರು ಬಿಟ್ಟು ಹೋದ, ಡ್ರಮ್ಮು ನಮ್ಹತ್ರನೇ ಇದೆ. ಒಂದ್ಸಲ ಬನ್ನಿ."

"ನಂಗೆ ಇಲ್ಲಿರೋ ಗಲಾಟೆನೇ ಸಾಕಪ್ಪ."

"ಬರೀ ಒಂದ್ಸಲ. ಚೆನ್ನಾಗಿಲ್ಲ ಅನ್ಸಿದ್ರೆ ಬೈದು ಹೋಗಿ."

ಅವಳು ಯಾಕೆ ಒಪ್ಪಿದಳೋ ಅವಳಿಗೇ ತಿಳಿಯದು. ಮನೆಯಲ್ಲಿ ಅತ್ತೆಯ ಸೀರೆಗಳು ಡ್ರಮ್ಮಿನ ಮೇಲೆ ಒಣಗುತ್ತಿದ್ದುದು ಒಳಗೊಳಗೇ ಚುಚ್ಚಿರಬೇಕು.

ಅಭ್ಯಾಸ ನಡೆಯುತ್ತಿದ್ದುದು ಒಂದು ಟೈರಿನ ಅಂಗಡಿಯ ಹಿಂದಿನ ಗೋದಾಮಿನಲ್ಲಿ. ಬಾಸ್ ಗಿಟಾರಿನವನು ಬಸ್ ಡ್ರೈವರ್, ಅಂಗಡಿ ಅವನ ಬಾವನದು. ಸುತ್ತ ಚಾವಣಿಯವರೆಗೂ ಟೈರುಗಳ ಗೋಪುರ, ಅದೇ ಗೋಡೆ, ಅದೇ ಸದ್ದು ತಡೆಯುವ ಹಾಸು. ಹಾಡುವವನು ಚಪ್ಪಲಿ ಅಂಗಡಿಯಲ್ಲಿ ಕೆಲಸ ಮಾಡುತ್ತಿದ್ದ, ಗಿರಾಕಿಗಳ ಪಾದದ ಬಳಿ ಕುಳಿತು ಕುಳಿತು ದನಿ ಸಣ್ಣದಾಗಿ ಹೋದವನು. ಅವಳಿಗೆ ಕುರ್ಚಿ ಒರೆಸಿ ಕೊಟ್ಟು, "ಅಕ್ಕ, ನೀರು ತರ್ಲಾ?" ಎಂದು ಕೇಳಿದ. ಆಮೇಲೆ ಮೈಕಿನ ಮುಂದೆ ನಿಂತು ಎಂಥ ಗರ್ಜನೆ ಮಾಡಿದನೆಂದರೆ, ಅವಳು ಡ್ರಮ್ಮಿನ ಕೋಲು ಕೆಳಗೆ ಹಾಕಿ ಬೆಚ್ಚಿ ನೋಡಿದಳು.

ಆ ದಿನ ಏನೂ ಕೂಡಿಬರಲಿಲ್ಲ. ಅವರು ಮುಂದೆ ಮುಂದೆ ಓಡಿದರು, ಅವಳು ಹಿಂದೆ ಹಿಂದೆ ಉಳಿದಳು. ಅವಳ ಕೈಗೆ ಗೊತ್ತಿದ್ದುದು ನಡುನಡುವೆ ಜಾಗ ಬಿಟ್ಟು ಬಾರಿಸುವುದು. ಇಲ್ಲಿ ಬಿಡಲು ಜಾಗವೇ ಇರಲಿಲ್ಲ. ಸಂಜೆಯ ಹೊತ್ತಿಗೆ ತಲೆ ಚಿಟ್ಟು ಹಿಡಿದಿತ್ತು.

"ಬೈಯ್ರಿ ಅಕ್ಕ," ಎಂದ ಮೆಕ್ಯಾನಿಕ್, ಗಿಟಾರಿನ ವೈರು ಸುತ್ತುತ್ತಾ.

"ಬೈಯೋಕೂ ಶಕ್ತಿ ಇಲ್ಲ. ನೀವೆಲ್ಲ ಬಸ್ಸು ತಪ್ಪಿಹೋಗೋ ಹಾಗೆ ಓಡ್ತೀರಾ. ಯಾವ ಬಸ್ಸು ಅಂತ ನಂಗೆ ಗೊತ್ತಾಗ್ಲಿಲ್ಲ."

ಬಸ್ ಡ್ರೈವರ್ ನಕ್ಕುಬಿಟ್ಟ. ಮೆಕ್ಯಾನಿಕ್ ನಗಲಿಲ್ಲ.

ಮನೆಗೆ ಬಂದಾಗ ಅತ್ತೆ ಬಾಗಿಲಲ್ಲೇ ಕೇಳಿದರು: "ಹೇಗಿತ್ತೇ?"

"ಜೋರಾಗಿತ್ತು ಅತ್ತೆ."

"ಏನು?"

"ಜೋರಾಗಿತ್ತು!"

"ಹಾಗಾದ್ರೆ ನನ್ನನ್ನೂ ಕರ್ಕೊಂಡು ಹೋಗು," ಎಂದರು ಅತ್ತೆ. "ಈ ಊರಲ್ಲಿ ಎಲ್ಲರೂ ಪಿಸುಪಿಸು ಮಾತಾಡ್ತಾರೆ."

ಮರುದಿನ ಅವಳು ಇಸ್ತ್ರಿ ರೋಲರಿನ ಮುಂದೆ ಹಾಸಿಗೆ ಬಟ್ಟೆ ತೂರಿಸುತ್ತಾ ನಿಂತಿದ್ದಳು. ಬಿಸಿ ಆವಿ ಮುಖಕ್ಕೆ ಹೊಡೆಯುತ್ತಿತ್ತು. ಹಿಂದಿನ ದಿನದ ಗದ್ದಲವೆಲ್ಲ ಕಿವಿಯಿಂದ ಇಳಿದುಹೋಗಿ, ಎರಡನೆಯ ಹಾಡಿನ ಮೊದಲ ತುಣುಕು ಮಾತ್ರ ಉಳಿದಿತ್ತು. ಅದನ್ನು ಎಲ್ಲೋ ಕೇಳಿದ್ದೇನೆ ಎನ್ನಿಸುತ್ತಿತ್ತು. ಬಟ್ಟೆಯ ಅಂಚು ಹಿಡಿದುಕೊಂಡೇ ಮೆಕ್ಯಾನಿಕ್‌ನನ್ನು ಕೂಗಿ ಕರೆದಳು.

"ಆ ಎರಡನೇ ಹಾಡು ಇದೆಯಲ್ಲ, ಅದರ ಶುರು ಎಲ್ಲಿಂದ ಬಂತು?"

"ನಾನೇ ಮಾಡಿದ್ದು ಅಕ್ಕ," ಎಂದ. ಆಮೇಲೆ ಗಡ್ಡ ಕೆರೆದುಕೊಂಡು, "ಪೂರ್ತಿ ನಂದೇ ಅಂತ ಹೇಳೋಕಾಗಲ್ಲ. ಚಿಕ್ಕೋನಿದ್ದಾಗ ಕ್ಯಾಸೆಟ್ ಕೇಳಿ ಕೇಳಿ ಕಲ್ತಿದ್ದು, ಅದೂ ಇದೂ ಸೇರಿದೆ," ಎಂದ.

"ಬರೋ ಭಾನುವಾರ ಅದನ್ನ ಅರ್ಧ ವೇಗಕ್ಕೆ ಬಾರ್ಸು. ಒಬ್ಬನೇ ಬಾರ್ಸು."

ಆ ಭಾನುವಾರ ಅವನು ಟೈರೊಂದರ ಮೇಲೆ ಕುಳಿತು ಬಾರಿಸಿದ. ದಪ್ಪ ತಂತಿಯನ್ನು ಸಡಿಲಿಸಿ ಎಷ್ಟೋ ಕೆಳಗಿಳಿಸಿದ್ದ, ಸ್ವರ ನೆಲಮಾಳಿಗೆಯಿಂದ ಬಂದಂತಿತ್ತು. ಎರಡು ಹೆಜ್ಜೆ ಏರಿ, ತಡೆದು, ಆಮೇಲೆ ಐದನೆಯ ಸ್ವರದ ಬದಲು ಅರ್ಧ ಮೆಟ್ಟಿಲು ಕೆಳಗಿನದರ ಮೇಲೆ ಕುಸಿದು ಕುಳಿತಿತು. ಮಾವನ ಹುಳಿ ಸ್ವರ! ಹೋಟೆಲಿನಲ್ಲಿ ಕುರ್ಚಿ ಮಗುಚುವ ಹೊತ್ತಿನ ಅದೇ ಬ್ಲೂಸು, ಮೈತುಂಬ ಕಬ್ಬಿಣ ತೊಟ್ಟುಕೊಂಡು ಬಂದಿತ್ತು.

ಅವಳು ಕೋಲು ತೆಗೆದುಕೊಂಡು ಟಿಂಗ್ ಟಿಗಿ ಟಿಂಗ್ ಎಂದು ಡ್ರಮ್ಮಿನ ಪಕ್ಕದ ಹಿತ್ತಾಳೆ ತಟ್ಟೆಯ ಮೇಲೆ ಶುರುಮಾಡಿದಳು. ಅಪ್ಪ ಕಲಿಸಿದ ಹಳೆಯ ಜಾಜ್ ನಡೆ. ಕಾಲಿನ ದೊಡ್ಡ ಡ್ರಮ್ಮನ್ನು ಮಾತ್ರ ಹೋಟೆಲಿನಲ್ಲಿ ಎಂದೂ ಒದೆಯದಷ್ಟು ಬಲವಾಗಿ ಒದ್ದಳು. ಬಸ್ ಡ್ರೈವರ್ ಒಂದೆರಡು ಸುತ್ತು ಕೇಳಿ ಒಳಬಂದ. ಚಪ್ಪಲಿ ಅಂಗಡಿಯವನು ಹಾಡದೆ ಬಾಯಿ ತೆರೆದುಕೊಂಡು ನಿಂತ. ಗಿಟಾರಿನ ಭಾರ ಕಡಿಮೆಯಾಗಲಿಲ್ಲ. ಅದು ಈಗ ಓಡುತ್ತಿರಲಿಲ್ಲ, ತೂಗಾಡುತ್ತಾ ನಡೆಯುತ್ತಿತ್ತು, ಕೆಲಸ ಮುಗಿಸಿ ಮನೆಗೆ ಹೊರಟ ಆಳಿನಂತೆ.

"ಅಯ್ಯಯ್ಯೋ," ಎಂದ ಮೆಕ್ಯಾನಿಕ್ ನಿಲ್ಲಿಸಿದ ಮೇಲೆ. "ಇದೇನು ಮಾಡಿದ್ರಿ?"

"ನಾನೇನೂ ಮಾಡ್ಲಿಲ್ಲ. ಅದರಲ್ಲಿ ಇದ್ದಿದ್ದೇ."

ಅದನ್ನು ಫೋನಿನಲ್ಲಿ ಹಿಡಿದುಕೊಂಡು ಅವಳು ಪಿಯಾನೋ ಮಾವನನ್ನು ಕಾಣಲು ಹೋದಳು. ಮಗಳ ಮನೆಯಲ್ಲಿ ಅವರಿಗೆ ಬೀದಿಯ ಕಡೆಯ ಸಣ್ಣ ಕೋಣೆ. ಪಿಯಾನೋ ಇಡಲು ಜಾಗವಿರಲಿಲ್ಲ. ಮೊಮ್ಮಗಳ ಓದುವ ಮೇಜಿನ ಮುಂದೆ ಕುಳಿತಿದ್ದರು, ಬೆರಳುಗಳು ಮೇಜಿನಂಚಿನ ಮೇಲಿದ್ದವು. ಇಳಿದುಹೋಗಿದ್ದರು. ಅವಳು ಫೋನನ್ನು ಅವರ ಕಿವಿಗೆ ಹಿಡಿದಳು. ಗಿಟಾರು ಮೊರೆಯಿತು. ಅವರು ಹುಳಿ ತಿಂದವರಂತೆ ಮುಖ ಕಿವುಚಿದರು. ಆ ಸ್ವರ ಬಂದೊಡನೆ ಒಂದು ಬೆರಳು ಮೇಲೆತ್ತಿದರು.

"ಇದು ನಮ್ಮದು," ಎಂದರು.

"ನಂಗೂ ಹಾಗೇ ಅನ್ಸಿತು ಮಾವ. ಆದ್ರೆ ಇವರಿಗೆ ಎಲ್ಲಿಂದ ಸಿಕ್ತು? ನಮ್ಮ ಹೋಟೆಲಿನೊಳಗೆ ಇವರು ಕಾಲಿಟ್ಟೋರಲ್ಲ."

"ನಮಗೆ ಎಲ್ಲಿಂದ ಸಿಕ್ತು, ಹೇಳು? ನಮ್ಮಪ್ಪಂದಿರ ಆಸ್ತಿಯಾ ಅದು?" ಮಾವ ಉಸಿರು ತೆಗೆದುಕೊಂಡು ನಿಧಾನವಾಗಿ ಹೇಳಿದರು. "ಅಲ್ಲೆಲ್ಲೋ ಹತ್ತಿ ಹೊಲದಲ್ಲಿ, ಬೇರೆಯವರ ಹೊಲ ಅದು, ದುಡಿದೂ ದುಡಿದೂ ಸುಸ್ತಾದೋರು ಕೂಗ್ಕೊಂಡಿದ್ದು. ಒಬ್ಬ ಒಂದು ಸಾಲು ಕೂಗೋದು, ಮಿಕ್ಕೋರು ಉತ್ತರ ಕೊಡೋದು. ಅದೇ ಮುಂದೆ ಬ್ಲೂಸ್ ಆಯ್ತು. ಊದೋರು, ಡ್ರಮ್ಮಿನೋರು ಅದನ್ನ ಕೈಗೆತ್ಕೊಂಡು ತಮ್ಮ ದಾರಿ ಹಿಡಿದ್ರು, ಜಾಜ್ ಆಯ್ತು. ಆ ಜನರ ಮಕ್ಕಳು ಮೊಮ್ಮಕ್ಕಳು ಕಾರ್ಖಾನೆ ಊರುಗಳಿಗೆ ಹೋದ್ರಲ್ಲ, ಅಲ್ಲಿ ಗಲಾಟೆ. ಗಿಟಾರಿಗೆ ಕರೆಂಟು ಕೊಟ್ರು. ಆ ರೆಕಾರ್ಡುಗಳು ಸಮುದ್ರ ದಾಟಿ ಇನ್ನೊಂದು ದೇಶಕ್ಕೆ ಹೋದ್ವು. ಅಲ್ಲಿನ ಕಾರ್ಖಾನೆ ಊರಲ್ಲಿ ಹಗಲಿಡೀ ಕಬ್ಬಿಣ ಬಡಿಯೋ ಸದ್ದು. ಅಲ್ಲಿ ಬೆಳೆದೋರು ಬಾರಿಸಿದ್ರೆ ಹೇಗೆ ಬಾರಿಸ್ತಾರೆ?"

"ಹೀಗೆ."

"ಹೀಗೇ. ಅವರಲ್ಲಿ ಡ್ರಮ್ಮಿಗೆ ಕೂತೋರು ಎಷ್ಟೋ ಜನ ನಿಮ್ಮಪ್ಪನಂಥೋರನ್ನ ಕೇಳ್ಕೊಂಡು ಬೆಳೆದೋರು. ಜಾಜಿನ ಕೈ. ಆಮೇಲೆ ಬಂದೋರು ವೇಗ ಹೆಚ್ಚಿಸ್ತಾ ಹೋದ್ರು, ಆ ಕೈ ಮರೆತ್ರು." ಫೋನು ಮರಳಿಸಿದರು. "ಗಿಟಾರಿನೋನಿಗೆ ಹೇಳು, ಉಸಿರಾಡೋಕೆ ಜಾಗ ಬಿಡು ಅಂತ. ಎಲ್ಲವನ್ನೂ ತುಂಬಿಬಿಡ್ತಾನೆ."

"ನೀವೇ ಬಂದು ಹೇಳಿ ಮಾವ."

"ನಂಗೆ ಉಳಿದಿರೋದು ಕಿವಿ ಒಂದೇ. ಅದನ್ನೂ ಕಳ್ಕೊಳ್ಳಲಾ?" ಎಂದರು. ನಗಲು ಹೋಗಿ ಕೆಮ್ಮು ಬಂತು. ಅವಳು ಬೆನ್ನು ಸವರಿ, ಅವರ ಮಗಳು ಕೊಟ್ಟ ಚಹಾ ಕುಡಿದು, ಬಸ್ಸಿನಲ್ಲಿ ನಿದ್ದೆ ಹೋಗಿ ತನ್ನ ನಿಲ್ದಾಣ ದಾಟಿಸಿಕೊಂಡು, ನಡೆದು ಹಿಂದಿರುಗಿದಳು.

ಆ ಭಾನುವಾರಗಳು ಹಾಗೆ ಸಾಗಿದವು. ಸುಖವಾಗಿತ್ತೆಂದು ಹೇಳಲಾಗದು, ದಣಿವು ಹೆಚ್ಚೇ ಆಗಿತ್ತು. ಸೋಮವಾರ ತೋಳು ಸೀಸದಂತೆ ಭಾರ. ಮೆಕ್ಯಾನಿಕ್‌ಗೂ ರಜೆಯ ದಿನ ಹೀಗೆ ಕಳೆಯುವುದಕ್ಕೆ ಮನೆಯಲ್ಲಿ ಗಂಟುಮೋರೆ ಕಾದಿರುತ್ತಿತ್ತು. ಡ್ರೈವರ್ ಪಾಳಿ ಮುಗಿಸಿ ಖಾಕಿಯಲ್ಲೇ ಬರುತ್ತಿದ್ದ. ಯಾರ ಕಣ್ಣಲ್ಲೂ ಚುರುಕಿರುತ್ತಿರಲಿಲ್ಲ. ಆದರೂ ಯಾರೂ ತಪ್ಪಿಸಿಕೊಳ್ಳಲಿಲ್ಲ.

ಮುಂದೆ ಒಂದು ಅವಕಾಶ ಬಂತು. ಬಸ್ ನೌಕರರ ಸಂಘದ ಸಭಾಂಗಣದಲ್ಲಿ ಒಂದು ಸಂಜೆ ಮೂರು ಬ್ಯಾಂಡುಗಳು, ಇವರದು ಮೊದಲು. ಅತ್ತೆ ಹಟ ಹಿಡಿದು ಬಂದರು, ಮೊದಲ ಸಾಲಿನಲ್ಲೇ ಕುಳಿತರು. ಕಪ್ಪು ಅಂಗಿಯ ಹುಡುಗ ಹುಡುಗಿಯರ ನಡುವೆ ಬಿಳಿ ತಲೆ ಒಂದೇ. ಸದ್ದು ಶುರುವಾದಾಗ ಅತ್ತೆ ಎರಡೂ ಅಂಗೈಗಳನ್ನು ಕುರ್ಚಿಯ ಕೆಳಗೆ ಹಿಡಿದು, ನಡುಕವನ್ನು ಮುಟ್ಟಿ ಮುಟ್ಟಿ ನೋಡಿದರು. ಮಗ ಬಾಸ್ ಬಾರಿಸುವಾಗಲೂ ಅವರು ಹಾಗೆಯೇ ಗೋಡೆಗೆ ಕೈಯಿಟ್ಟು ಕುಳಿತಿರುತ್ತಿದ್ದುದು ಅವಳಿಗೆ ನೆನಪಾಯಿತು.

ಮೊದಲೆರಡು ಹಾಡು ದಾಟಿದವು. ಮೂರನೆಯದರ ನಡುವೆ ಅವಳ ಬಲಗೈ ಮೊಣಕೈಯ ಬಳಿ ಕಾದ ಕಂಬಿ ತೂರಿಸಿದಂತೆ ಉರಿಯಿತು. ವಾರವೆಲ್ಲ ಒದ್ದೆ ಬಟ್ಟೆ ಎತ್ತಿದ ಕೈ. ಹೇಗೋ ಆ ಹಾಡು ಮುಗಿಸಿದಳು. ನಾಲ್ಕನೆಯದು ಅದೇ, ಹುಳಿ ಸ್ವರದ್ದು. ಶುರುಮಾಡಿದ ಸ್ವಲ್ಪದರಲ್ಲೇ ಬೆರಳುಗಳು ತೆರೆದುಕೊಂಡವು, ಕೋಲು ಹಾರಿ ಪರದೆಯ ಹಿಂದೆ ಬಿತ್ತು.

ಮೆಕ್ಯಾನಿಕ್ ತಿರುಗಿ ನೋಡಿದ. ಅವಳು ತಲೆ ಅಲ್ಲಾಡಿಸಿದಳು, ಆಗುವುದಿಲ್ಲ ಎಂದು. ಚೀಲದಲ್ಲಿ ಹೋಟೆಲಿನ ಕಾಲದ ತಂತಿಯ ಬ್ರಶ್ಶುಗಳಿದ್ದವು. ಎಡಗೈಯಿಂದ ಒಂದನ್ನು ಎಳೆದುಕೊಂಡು ಚರ್ಮದ ಮೇಲೆ ಸುತ್ತಿಸತೊಡಗಿದಳು. ಆ ಮೆಲ್ಲನೆಯ ಸದ್ದು ಗಿಟಾರಿನಡಿ ಕೇಳಿಸುವ ಮಾತೇ ಇರಲಿಲ್ಲ. ಮೆಕ್ಯಾನಿಕ್ ಗಿಟಾರಿನ ತಿರುಪು ತಿರುಗಿಸಿ ಸದ್ದು ಕಿರಿದು ಮಾಡಿದ. ಇನ್ನಷ್ಟು ಮಾಡಿದ. ಡ್ರೈವರೂ ಇಳಿಸಿದ. ಚಪ್ಪಲಿ ಅಂಗಡಿಯವನಿಗೆ ಗರ್ಜಿಸಲು ಏನೂ ಉಳಿಯಲಿಲ್ಲ. ಅವನು ತನ್ನ ಅಂಗಡಿಯ ಸಣ್ಣ ದನಿಯಲ್ಲೇ ಹಾಡಿದ. ಒಂದು ಸಾಲು. ಮತ್ತೆ ಅದೇ ಸಾಲು. ಅದಕ್ಕೊಂದು ಉತ್ತರ.

ಹಿಂದಿನ ಸಾಲಿನ ಕೆಲವರು ಸಿಳ್ಳೆ ಹಾಕಿದರು, ಅದು ಮೆಚ್ಚಿಗೆಯದಲ್ಲ. ಇನ್ನು ಕೆಲವರು ಚಹಾ ಕುಡಿಯಲು ಹೊರಗೆದ್ದರು. ಉಳಿದವರು ಕುಳಿತೇ ಇದ್ದರು. ಖಾಕಿ ತೊಟ್ಟ ಕಂಡಕ್ಟರ್ ಒಬ್ಬ ಕಂಬಕ್ಕೊರಗಿ ಕಣ್ಣುಮುಚ್ಚಿಕೊಂಡಿದ್ದ. ಹಾಡು ಮುಗಿದಾಗ ಚಪ್ಪಾಳೆ ಬಂತು, ಬಹಳವೇನಲ್ಲ.

ಪರದೆಯ ಹಿಂದೆ ಅವಳು ಕೈ ಹಿಡಿದುಕೊಂಡು ಪೆಟ್ಟಿಗೆಯ ಮೇಲೆ ಕುಳಿತಳು.

"ಎಲ್ಲಾ ಹಾಳುಮಾಡ್ಬಿಟ್ಟೆ," ಎಂದಳು.

"ಸುಮ್ನಿರಿ ಅಕ್ಕ," ಎಂದ ಮೆಕ್ಯಾನಿಕ್. ಅವನ ಕಣ್ಣುಗಳು ಒದ್ದೆಯಾಗಿದ್ದವು. "ಇಷ್ಟು ವರ್ಷ ಬಾರಿಸ್ತಿದೀನಿ. ನನ್ನ ಹಾಡು ನನಗೇ ಕೇಳಿಸಿದ್ದು ಇವತ್ತು."

ವೈದ್ಯರು ಮೊಣಕೈಯ ನರವೋ ಸ್ನಾಯುವೋ ಸವೆದಿದೆ ಎಂದರು. ಬಟ್ಟೆ ಇಲ್ಲವೇ ಡ್ರಮ್ಮು, ಎರಡನ್ನೂ ಈ ಕೈ ತಾಳದು ಎಂದರು. ಆರಿಸಿಕೊಳ್ಳುವ ಮಾತೇ ಇರಲಿಲ್ಲ, ಒಲೆ ಉರಿಯುತ್ತಿದ್ದುದು ಬಟ್ಟೆಯಿಂದ. ಮೇಲ್ವಿಚಾರಕಿ ಅವಳನ್ನು ಮಡಚುವ ಮೇಜಿಗೆ ಹಾಕಿದಳು. ಬ್ಯಾಂಡಿಗೆ ಡ್ರೈವರನ ಡಿಪೋದಿಂದ ಒಬ್ಬ ಟೈರು ಬಿಚ್ಚುವವನು ಬಂದ, ಎತ್ತಿನಂಥ ತೋಳಿನವನು. ಅವನು ಎಲ್ಲವನ್ನೂ ನೇರವಾಗಿ, ಗುದ್ದಿ ಬಾರಿಸುತ್ತಿದ್ದ. ಅವಳು ಒಂದೆರಡು ಸಲ ಹೋಗಿ, "ಮಣಿಕಟ್ಟು ಸಡಿಲ ಬಿಡಪ್ಪ, ಬಿಗಿ ಹಿಡಿದಷ್ಟೂ ಬೇಗ ಸುಸ್ತಾಗ್ತೀಯ" ಎಂದು ಹೇಳಿಕೊಟ್ಟಳು. ಸ್ವಲ್ಪ ಅವನ ಕೈಗೆ ಹತ್ತಿತು, ಸ್ವಲ್ಪ ಹತ್ತಲಿಲ್ಲ.

ನಿಧಾನದ ಆ ಒಂದು ಹಾಡನ್ನು ಮಾತ್ರ ಅವನು ತಾನಾಗಿಯೇ ಬಿಟ್ಟುಕೊಟ್ಟ. "ಅದು ಅಕ್ಕಂದು," ಎಂದ. ಹಾಗಾಗಿ ಕೈ ಚೆನ್ನಾಗಿರುವ ಭಾನುವಾರ ಅವಳು ಬ್ರಶ್ಶು ಹಿಡಿದು ಹೋಗುತ್ತಾಳೆ. ಮಿಕ್ಕ ಭಾನುವಾರ ಮಲಗುತ್ತಾಳೆ. ಪಿಯಾನೋ ಮಾವ ಆ ಮಳೆಗಾಲ ದಾಟಲಿಲ್ಲ. ಅವರ ಮಗಳು ಫೋನು ಮಾಡಿದಾಗ ಅವಳು ಮಕ್ಕಳ ವಿಭಾಗದ ಕೇಸರಿ ಅಂಚಿನ ಹೊದಿಕೆಗಳನ್ನು ಮಡಚುತ್ತಿದ್ದಳು. ಮಡಚಿ ಮುಗಿಸಿ, ಮೇಲ್ವಿಚಾರಕಿಗೆ ಹೇಳಿ ಹೋದಳು. ಮೆಕ್ಯಾನಿಕ್ ಜೊತೆಗೆ ಬಂದ, ತಾನು ಎಂದೂ ನೋಡದ ಆ ಮನುಷ್ಯನ ಪಾದದ ಬಳಿ ತಲೆ ತಗ್ಗಿಸಿ ನಿಂತ.

ಕಳೆದ ಭಾನುವಾರ ಅತ್ತೆಯನ್ನೂ ಕರೆದುಕೊಂಡು ಗೋದಾಮಿಗೆ ಹೋಗಿದ್ದಳು. ತನ್ನ ಹಾಡು ಮುಗಿದ ಮೇಲೆ ಟೈರಿನ ರಾಶಿಗೆ ಒರಗಿದಳು. ಹೊಸಬ ಗುದ್ದತೊಡಗಿದ, ಗಿಟಾರು ಮೊರೆಯಿತು, ಚಪ್ಪಲಿ ಅಂಗಡಿಯವನು ಚಾವಣಿ ಹಾರಿಹೋಗುವಂತೆ ಗರ್ಜಿಸಿದ. ಹಾಡು ನಿಂತಾಗ ನೋಡಿದರೆ ಅವಳು ಬಾಯಿ ಸ್ವಲ್ಪ ತೆರೆದು ಗಾಢ ನಿದ್ದೆಯಲ್ಲಿದ್ದಳು. ಮೆಕ್ಯಾನಿಕ್ ಎಬ್ಬಿಸಲು ಹೋದ. ಅತ್ತೆ ಕೈ ಅಡ್ಡ ಹಿಡಿದರು.

"ಎಬ್ಬಿಸ್ಬೇಡ ಕಣಪ್ಪ," ಎಂದರು. "ನೀವು ಮುಂದಿನದು ಬಾರ್ಸಿ."